ಬಿದ್ದಾಗ ಫೋನ್ ಎತ್ತುವವರು

"ದಯವಿಟ್ಟು ನಿಮ್ಮ ವೆಬ್‌ಸೈಟನ್ನ ಇದರ ಮೇಲೆ ಮಾತ್ರ ಇಡಬೇಡಿ!"

ಬೇಸ್‌ಮೆಂಟಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿದರು.

ಅಮೆರಿಕದ ಆಶ್‌ಬರ್ನಿನ ಸುಬ್ರಾಯ ಅಂಕಲ್ ಮನೆಯಲ್ಲಿ ಅಂದು ಸತ್ಯನಾರಾಯಣ ಪೂಜೆ. ಮೇಲೆ ಊಟಕ್ಕೆ ತಯಾರಿ ನಡೆದಿತ್ತು. ಕೆಳಗೆ ಅಂಕಲ್ ತಮ್ಮ ಸರ್ವರನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಸರ್ವರ್ ಎಂದರೆ ಏನು? ವಾಷಿಂಗ್ ಮಷೀನ್ ಪಕ್ಕ ಹಳೇ ಸ್ಟೂಲಿನ ಮೇಲೆ, ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು ಕೂತ ಒಂದು ಕಂಪ್ಯೂಟರ್. ಕನ್ನಡ ಸಂಘದ ವೆಬ್‌ಸೈಟು, ಅವರಿವರ ಮಕ್ಕಳ ನಾಮಕರಣದ ಫೋಟೋಗಳು, ಎಲ್ಲ ಅದರಲ್ಲೇ. ಅಂಕಲ್‌ಗೆ ಅದು ಸ್ವಂತ ಮಗನಿಗಿಂತ ಹೆಚ್ಚು!

ತನ್ನ ಹೊಸ ವೆಬ್‌ಸೈಟನ್ನು ಅದರಲ್ಲಿ ಇಡಲೆಂದು ಬಂದಿದ್ದ ಶ್ರದ್ಧಾ ತಿರುಗಿ ನೋಡಿದಳು. ಮಾತಾಡಿದವನು ಎತ್ತರದ ಹುಡುಗ. ಕೈಯಲ್ಲಿ ಪ್ರಸಾದದ ದೊನ್ನೆ, ಮುಖದಲ್ಲಿ ಅತೀ ಗಂಭೀರ ಭಾವ.

"ನಾನು ಸೃಜನ್. ಇಲ್ಲೇ ಡೇಟಾ ಸೆಂಟರ್‌ನಲ್ಲಿ ಕೆಲಸ. ಹೋಸ್ಟಿಂಗ್, ಅಂದ್ರೆ ಸೈಟ್ ಇಡೋ ಜಾಗ, ಯಾರ ಹತ್ರ ತಗೊಳ್ಳೋಕೂ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ. ಸೈಟ್ ಬಿದ್ದಾಗ ಫೋನ್ ಎತ್ತೋರು ಯಾರು? ಇಲ್ಲಿ ಕರೆಂಟ್ ಹೋದ್ರೆ..."

"ಓ, ಗೊತ್ತಾಯ್ತು!" ಶ್ರದ್ಧಾಳ ಮುಖ ಕೆಂಪಾಯಿತು. "ಪೂಜೆಗೆ ಬಂದು ನಿಮ್ಮ ಕಂಪನಿಗೆ ಗಿರಾಕಿ ಹುಡುಕ್ತಿದೀರಾ?"

ಯಾರೋ ಕಿಸಕ್ಕೆಂದರು. ಸೃಜನ್ ಏನೋ ಹೇಳಲು ಬಾಯಿ ತೆರೆದ. ಅಂಕಲ್ ಮುಖ ಸಪ್ಪಗಾದದ್ದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಪಾಪ, ಶ್ರದ್ಧಾಳ ಕಷ್ಟ ಅವನಿಗೇನು ಗೊತ್ತು?

ದೂರದ ಷಾರ್ಲೆಟ್ ನಗರದ ಆಸ್ಪತ್ರೆಯಲ್ಲಿ ಅವಳ ಅಕ್ಕ ಜಯಾ ರಕ್ತದ ಕ್ಯಾನ್ಸರ್‌ನಿಂದ ಮಲಗಿದ್ದಳು. ಯಾರಾದರೂ ಅಸ್ಥಿಮಜ್ಜೆ ದಾನ ಮಾಡಿದರೆ ಬದುಕುತ್ತಾಳೆ. ಆದರೆ ದಾನಿ ಹೊಂದಬೇಕಲ್ಲ! ಒಡಹುಟ್ಟಿದ ಶ್ರದ್ಧಾಳದ್ದೇ ಹೊಂದಲಿಲ್ಲ. ಹೊಂದುವ ಸಂಭವ ನಮ್ಮ ಕಡೆಯವರಲ್ಲೇ ಹೆಚ್ಚು; ದಾನಿಗಳ ಪಟ್ಟಿಯಲ್ಲೋ ಅವರು ಎಷ್ಟು ಹುಡುಕಿದರೂ ಬೆರಳೆಣಿಕೆಯಷ್ಟೆ. ಹೆಚ್ಚು ಜನ ಮುಂದೆ ಬಂದು, ಪರೀಕ್ಷೆಗೆಂದು ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಕೊಟ್ಟರೆ ಸಾಕಿತ್ತು. ಅವರ ಹೆಸರು, ವಿಳಾಸ ಸಂಗ್ರಹಿಸಿ ಹತ್ತಿಕಡ್ಡಿ ಕಳಿಸಲೆಂದು ಶ್ರದ್ಧಾ ಲೈಬ್ರರಿಯ ಪುಸ್ತಕ ನೋಡಿಕೊಂಡು ತಾನೇ ವೆಬ್‌ಸೈಟ್ ಮಾಡಿದ್ದಳು.

ವಾಷಿಂಗ್ಟನ್ನಿನ ಆಫೀಸಿನಲ್ಲಿ ಅಂಕಿಅಂಶಗಳ ಕೆಲಸ ಅವಳದು. ಹೋಸ್ಟಿಂಗ್ ಕಂಪನಿಗಳ ಜಾಹೀರಾತು ನೋಡಿ ನೋಡಿ ತಲೆ ಕೆಟ್ಟಿತ್ತು. ಎಲ್ಲರೂ ತಾವೇ ನಂಬಿಕಸ್ಥರು ಎನ್ನುವವರೇ!

ಅಷ್ಟರಲ್ಲಿ ಅಂಕಲ್ ಹೇಳಿದ್ದರು. "ನಾನಿರುವಾಗ ಹೊರಗಿನವರು ಯಾಕೆ ಮಾರಾಯ್ತಿ? ಸೈಟಿನ ಹೆಸರನ್ನೂ ನಾನೇ ರಿಜಿಸ್ಟರ್ ಮಾಡ್ತೇನೆ. ನೀನು ತಲೆಬಿಸಿ ಮಾಡಬೇಡ."

ಅಮೆರಿಕಕ್ಕೆ ಬಂದ ದಿನ ಏರ್‌ಪೋರ್ಟಿನಿಂದ ಕರೆತಂದು, ಅಪಾರ್ಟ್‌ಮೆಂಟ್ ಸಿಗುವ ತನಕ ಮನೆಮಗಳಂತೆ ಇಟ್ಟುಕೊಂಡವರು. ಅವರಿಗೆ ಬೇಡ ಎನ್ನುವುದು ಹೇಗೆ? ಯಾವ ಬಾಯಲ್ಲಿ?

ದಾಕ್ಷಿಣ್ಯ! ನಮ್ಮವರನ್ನು ಮುಳುಗಿಸಲು ಬೇರೆ ಶತ್ರು ಬೇಕಿಲ್ಲ.

"ಇಲ್ಲೇ ಇಡ್ತೀನಿ ಅಂಕಲ್," ಎಂದಳು ಶ್ರದ್ಧಾ, ಸೃಜನ್ ಕಡೆ ಬೇಕೆಂದೇ ನೋಡುತ್ತಾ.

ಅವನು ಮೆಲ್ಲಗೆ ತನ್ನ ನಂಬರ್ ಬರೆದುಕೊಟ್ಟು ಹೋದ. ಹರಿದು ಹಾಕೋಣ ಎಂದುಕೊಂಡಳು. ಯಾಕೋ, ಪರ್ಸಿನಲ್ಲಿಟ್ಟಳು...

* * *

ಜಯಾಳ ಆರೋಗ್ಯ ಕೆಡುತ್ತಾ ಬಂತು. ಶ್ರದ್ಧಾ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ, ಕಾಡಿ ಬೇಡಿ, ಕೊನೆಗೆ ಭಾರತೀಯರ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಅವಕಾಶ ಗಿಟ್ಟಿಸಿದಳು. ಅದನ್ನು ಭಾನುವಾರ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ನಡೆಸಿಕೊಡುವ ರಾಜಲಕ್ಷ್ಮಿ, ಮೊದಲಿಗೇ ಜಯಾಳ ಕಥೆ ಹೇಳಿ ವೆಬ್‌ಸೈಟಿನ ವಿಳಾಸವನ್ನು ಮತ್ತೆ ಮತ್ತೆ ಓದಿದರು.

ಶ್ರದ್ಧಾ ಆಸೆಯಿಂದ ಸೈಟ್ ತೆರೆದಳು.

ಬಿಳಿ ಪರದೆ. ಏನೂ ಇಲ್ಲ.

ಮತ್ತೆ ತೆರೆದಳು. ಇಲ್ಲ. ಅಯ್ಯೋ ದೇವರೇ... ಈಗಲೇ?

ಗೆಳತಿಯರ ಫೋನ್ ಮೇಲೆ ಫೋನ್. "ಶ್ರದ್ಧಾ, ಸೈಟ್ ಓಪನ್ನೇ ಆಗ್ತಿಲ್ವಲ್ಲೇ!"

ಕಾರು ಓಡಿಸಿಕೊಂಡು ಅಂಕಲ್ ಮನೆಗೆ ಬಂದರೆ ಅವರ ಹೆಂಡತಿ ಬೇಬಿ ಆಂಟಿ ಒಬ್ಬರೇ. "ಅವರು ನಿನ್ನೆ ಊರಿಗೆ ಹೊರಟರಲ್ಲ ಮಾರಾಯ್ತಿ. ಈಗ ಪ್ಲೇನಿನಲ್ಲಿದ್ದಾರೆ."

ಬೇಸ್‌ಮೆಂಟಿನಲ್ಲಿ ಕಂಪ್ಯೂಟರ್ ಬಿಸಿಯಾಗಿ ಏದುಸಿರು ಬಿಡುತ್ತಿತ್ತು. ಮುಟ್ಟಲೂ ಭಯ. ಶ್ರದ್ಧಾ ಪರ್ಸ್ ತಡಕಿ ಸೃಜನ್ ಕೊಟ್ಟ ನಂಬರ್ ಹೊರತೆಗೆದಳು. ಯಾವ ಮುಖ ಇಟ್ಟುಕೊಂಡು ಕರೆಯಲಿ? ಆದರೆ ಅಕ್ಕನ ಮುಖದ ಮುಂದೆ ತನ್ನ ಮುಖ ಯಾವ ಲೆಕ್ಕ!

ಒಂದೇ ರಿಂಗಿಗೆ ಆ ಕಡೆಯಿಂದ ಧ್ವನಿ ಬಂತು. "ಹೇಳಿ ಶ್ರದ್ಧಾ."

"ನಾನೇ ಅಂತ ಹೇಗೆ..."

"ರೇಡಿಯೋ ಕೇಳ್ತಿದ್ದೆ. ಸೈಟ್ ಬಿದ್ದಿದ್ದೂ ನೋಡ್ದೆ. ಬೂಟ್ಸ್ ಹಾಕ್ಕೊಳ್ತಾ ಇದೀನಿ, ಬಂದೆ."

ಬಂದ. ಬಗ್ಗಿ ಕೂತು ರಿಸ್ಟಾರ್ಟ್ ಮಾಡಿದ. ಸೈಟ್ ಎದ್ದಿತು, ಕಣ್ಣು ಬಿಟ್ಟಿತು, ಮತ್ತೆ ಬಿತ್ತು. "ಮನೆ ಇಂಟರ್ನೆಟ್ಟು. ಇಷ್ಟು ಜನ ಒಟ್ಟಿಗೆ ನುಗ್ಗಿದ್ರೆ ತಡ್ಕೊಳ್ಳಲ್ಲ."

"ನಿಮ್ಮ ಕಡೆಗೆ ಹಾಕೋಕಾಗಲ್ವಾ?"

"ಸೈಟನ್ನ ಈಗಲೇ ಹಾಕ್ತೀನಿ. ಆದ್ರೆ ಜನ ಹುಡುಕ್ಕೊಂಡು ಬರೋ ಹೆಸರು ಅಂಕಲ್ ಅಕೌಂಟಲ್ಲಿದೆ. ಅದನ್ನ ಹೊಸ ಜಾಗಕ್ಕೆ ತಿರುಗಿಸೋಕೆ ಅವರ ಪಾಸ್‌ವರ್ಡ್ ಬೇಕು. ಹೊಸ ಹೆಸರು ತಗೊಂಡ್ರೂ ಎಲ್ಲ ಕಡೆ ಕಾಣೋಕೆ ನಾಳೆ ಆಗತ್ತೆ."

ಬೇಬಿ ಆಂಟಿ ಮುಂದೆ ಬಂದರು. "ಮೂಕಾಂಬಿಕಾ ಅಂತ ಹಾಕಿ ನೋಡು ಮಗಾ."

ಆಗಲಿಲ್ಲ. ಮಂದಾರ್ತಿ ದೇವಿ, ಆನೆಗುಡ್ಡೆ ಗಣಪತಿ, ಊರಿನ ಮನೆಯ ಹೆಸರು, ಮಗನ ಹೆಸರು... ಒಂದೂ ನಡೆಯಲಿಲ್ಲ. ಕೊನೆಗೆ ಅಕೌಂಟೇ ಲಾಕ್ ಆಗಿ ಕೂತಿತು!

ಸೃಜನ್ ಮೆಟ್ಟಿಲ ಮೇಲೆ ಕುಸಿದ. "ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಶ್ರದ್ಧಾ. ನಿಜವಾಗ್ಲೂ ಏನೂ ಇಲ್ಲ..."

ಊರು ತುಂಬ ಡೇಟಾ ಸೆಂಟರ್‌ಗಳು, ಕಂಪ್ಯೂಟರ್ ತುಂಬಿದ ಕಟ್ಟಡಗಳು. ಅವುಗಳ ನಡುವೆ ಕೂತು ಒಂದು ಪುಟ ತೋರಿಸಲಾಗದೆ ಶ್ರದ್ಧಾ ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿ ಆಸ್ಪತ್ರೆಯಲ್ಲಿ ಅಕ್ಕ, ಭಾವನ ಲ್ಯಾಪ್‌ಟಾಪಿನಲ್ಲಿ ಇದೇ ಬಿಳಿ ಪರದೆ ನೋಡುತ್ತಿರಬಹುದು. ಯಾರೂ ಬರಲಿಲ್ಲ ಅಂದುಕೊಂಡಳೋ ಏನೋ!

"ಹೇಳಿಬಿಡಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಅವತ್ತೇ ಹೇಳಿದ್ದೆ ಅಂತ."

"ಅವತ್ತು ತಪ್ಪು ಮಾಡಿದ್ದು ನಾನು. ನಾಲ್ಕು ಜನದ ಮುಂದೆ ಅಂಕಲ್ ಮರ್ಯಾದೆ ತೆಗೆದೆ. ನಿಮ್ಮೊಬ್ಬರಿಗೇ ಹೇಳ್ಬೇಕಿತ್ತು." ಅವನು ತಲೆ ತಗ್ಗಿಸಿದ. "ಆದ್ರೆ ಒಂದು ಮಾತು. ನಮ್ಮ ಕಂಪನಿಗೇ ಬನ್ನಿ ಅಂತ ನಾನೆಲ್ಲಿ ಹೇಳ್ದೆ? ಎಲ್ಲಾದ್ರೂ ಇಡಿ, ಫೋನ್ ಎತ್ತೋರು ಇರ್ಲಿ ಅಂದೆ ಅಷ್ಟೆ."

ಹೌದಲ್ಲ! ಅವನು ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ತಾನೇ ಕಟ್ಟಿಕೊಂಡದ್ದು. ನಾಚಿಕೆಯಿಂದ ಅವಳಿಗೆ ಭೂಮಿಗಿಳಿದು ಹೋದಂತಾಯಿತು.

ಫೋನ್ ಎತ್ತುವವರು...

ಅವಳು ಥಟ್ಟನೆ ಎದ್ದಳು. "ನಾವೇ ಎತ್ತೋಣ!"

"ಏನು?"

"ಪ್ರೋಗ್ರಾಂ ಇನ್ನೂ ಮುಗಿದಿಲ್ಲ! ರಾಜಲಕ್ಷ್ಮಿ ಮೇಡಂಗೆ ಈ ಮನೆ ನಂಬರ್, ನನ್ನ ನಂಬರ್, ನಿಮ್ಮ ನಂಬರ್ ಕೊಡೋಣ. ಜನ ಸೈಟಿಗೆ ಬರೋದು ಬೇಡ. ನಮಗೇ ಹೇಳ್ಲಿ!"

ಸೃಜನ್ ಅವಳನ್ನೇ ಒಂದು ಗಳಿಗೆ ನೋಡಿದ. ಆ ನೋಟದಲ್ಲಿ ಏನಿತ್ತೋ... ಅಷ್ಟು ಸಂಕಟದಲ್ಲೂ ಅವಳ ಎದೆ ಝಲ್ಲೆಂದಿತು.

ಆಮೇಲೆ ನಡೆದದ್ದನ್ನು ಬೇಬಿ ಆಂಟಿ ಈಗಲೂ ಹೇಳುತ್ತಾರೆ. ಅಡುಗೆಮನೆಯ ಫೋನಿನಲ್ಲಿ ಆಂಟಿ, ಸೋಫಾದಲ್ಲಿ ಶ್ರದ್ಧಾ, ಮೆಟ್ಟಿಲ ಮೇಲೆ ಸೃಜನ್. ಇಟ್ಟರೆ ರಿಂಗ್, ಇಟ್ಟರೆ ರಿಂಗ್! ಕಾಗದ ಮುಗಿದು ಹಳೇ ಕ್ಯಾಲೆಂಡರಿನ ಹಿಂದೆ ಬರೆದರು. ಅಟ್ಲಾಂಟಾದಿಂದ ಯಾರೋ, ಷಾರ್ಲೆಟ್‌ನಿಂದ ಯಾರೋ. ಅನ್ನ ಆರಿ ತಣ್ಣಗಾಯಿತು.

ಮರುದಿನ ಮಂಗಳೂರಿನಿಂದ ಮನೆಗೆ ಅಂಕಲ್ ಫೋನ್ ಬಂತು. ಬೇಬಿ ಆಂಟಿ ಸ್ಪೀಕರ್ ಹಾಕಿ ಶ್ರದ್ಧಾಳ ಮುಂದಿಟ್ಟರು. ವಿಷಯ ಕೇಳಿ ಆ ಹಿರಿಯ ಜೀವ ಅತ್ತೇಬಿಟ್ಟಿತು. "ತಪ್ಪಾಯ್ತು ಮಗಾ. ನೀನು ನಂಬಿದ್ದೆ..."

"ನೀವು ಪ್ರೀತಿಯಿಂದಲೇ ಕೊಟ್ರಿ ಅಂಕಲ್. ಬೇಡ ಅಂತ ಹೇಳೋ ಧೈರ್ಯ ನನಗಿರ್ಲಿಲ್ಲ. ಈಗ ಕೇಳ್ತೀನಿ, ಬೇರೆ ಕಡೆ ಹಾಕ್ಲಾ?"

"ಹಾಕು, ಹಾಕು! ಪಾಸ್‌ವರ್ಡ್... ಅದು ಬೇಬಿ."

ಇಷ್ಟು ವರ್ಷ 'ಇವಳೇ' ಎಂದಲ್ಲದೆ ಒಂದು ದಿನವೂ ಹೆಸರು ಹಿಡಿದು ಕರೆಯದ ಗಂಡ! ಊರ ದೇವರನ್ನೆಲ್ಲ ನೆನೆದ ಬೇಬಿ ಆಂಟಿಗೆ ತನ್ನ ಹೆಸರೇ ಹೊಳೆದಿರಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಅಕೌಂಟಿನ ಬೀಗ ತೆಗೆಸಿ, ಸೃಜನ್ ಸೈಟನ್ನು ಬೇರೆಡೆಗೆ ಸಾಗಿಸಿದ. ತನ್ನ ಕಂಪನಿಗಲ್ಲ, ಬೇಕೆಂದೇ ಇನ್ನೊಂದಕ್ಕೆ. ಅದರ ಸಪೋರ್ಟ್ ನಂಬರಿಗೆ ಶ್ರದ್ಧಾಳಿಂದಲೇ ಫೋನ್ ಮಾಡಿಸಿ, ಮನುಷ್ಯರ ಧ್ವನಿ ಕೇಳಿದ ಮೇಲೆಯೇ ಒಪ್ಪಿದ.

ಮುಂದೆ ಕಾಯುವುದೊಂದೇ ಕೆಲಸ. ಕಾಯುವುದಕ್ಕಿಂತ ಕಷ್ಟದ ಕೆಲಸ ಯಾವುದಿದೆ? ಫೋನ್ ಮಾಡಿದವರಿಗೆಲ್ಲ ಹತ್ತಿಕಡ್ಡಿಗಳು ಹೋದವು, ಪರೀಕ್ಷೆಗೆ ಮರಳಿದವು, ಎಲೆಗಳು ಉದುರಿದವು, ಜಯಾಳ ಧ್ವನಿ ಕ್ಷೀಣಿಸುತ್ತಾ ಬಂತು. ಸೃಜನ್ ಪ್ರತಿ ವಾರ ಶ್ರದ್ಧಾಳನ್ನು ಷಾರ್ಲೆಟ್‌ಗೆ ಕರೆದೊಯ್ಯುತ್ತಿದ್ದ. ಸಮಾಧಾನದ ಸುಳ್ಳು ಮಾತ್ರ ಅವನು ಹೇಳಲಿಲ್ಲ.

ಒಂದು ದಿನ, ಆಸ್ಪತ್ರೆಗೆ ಹೋಗುವ ದಾರಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಕಾಫಿ ಕುಡಿಯುತ್ತಿರುವಾಗ ಫೋನ್ ಬಂತು.

"ಶ್ರದ್ಧಾ... ಒಬ್ಬರು ಹೊಂದುತ್ತಾರಂತೆ ಕಣೇ!" ಅಕ್ಕನ ಧ್ವನಿ ಒಡೆಯಿತು. "ಯಾರು ಅಂತ ಹೇಳಲ್ವಂತೆ. ಆ ಭಾನುವಾರ ಫೋನ್ ಮಾಡಿದವರಲ್ಲಿ ಒಬ್ಬರಂತೆ!"

ಶ್ರದ್ಧಾ ಫೋನನ್ನು ಎದೆಗವಚಿಕೊಂಡಳು. ಸೃಜನ್ ಅವಳನ್ನು ಹಿಡಿದುಕೊಂಡ. ಅವನ ಭುಜಕ್ಕೆ ಮುಖವಿಟ್ಟು ಮನಸಾರೆ ಅತ್ತಳು. ಅಕ್ಕನ ಮುಂದೆ ಇನ್ನೂ ದೊಡ್ಡ ಚಿಕಿತ್ಸೆ ಇತ್ತು. ಏನಾಗುವುದೋ ಯಾರಿಗೂ ಗೊತ್ತಿಲ್ಲ. ಆದರೂ ಇವತ್ತು ಇವತ್ತೇ.

ಅತ್ತು ಮುಗಿದ ಮೇಲೂ ಅವಳು ದೂರ ಸರಿಯಲಿಲ್ಲ.

"ನಾನೂ ಒಂದು ಪ್ರಶ್ನೆ ಕೇಳ್ಲಾ?" ಎಂದಳು ಮೆಲ್ಲಗೆ. "ಇನ್ನು ಮುಂದೆ ನಾನು ಬಿದ್ದಾಗೆಲ್ಲ... ಫೋನ್ ಎತ್ತುತ್ತೀರಾ?"

"ಫೋನ್ ಯಾಕೆ ಶ್ರದ್ಧಾ?" ಅವನು ಅವಳ ಕಣ್ಣೀರು ಒರೆಸಿದ. "ಒಂದೇ ಮನೇಲಿದ್ರೆ ಕೂಗಿದ್ರೆ ಸಾಕಲ್ವಾ?"

ಅವಳ ಕೆನ್ನೆ ಬೆಚ್ಚಗಾಯಿತು. ಕಣ್ಣೆತ್ತಿ ಅವನನ್ನು ನೋಡಿದಳು. ಹೆಸರು ಹಿಡಿದು ಕರೆಯಲು ಹೋಗಿ, ತಡೆದು, ಪಿಸುಗುಟ್ಟಿದಳು.

"ರೀ..."

"ಓ," ಎಂದ ಸೃಜನ್.