ಹಿಂದಿನ ತಾರೀಖಿನ ನೌಕರಿ

"ಆ ಕಾಗದ ಕೊಟ್ಬಿಡಿ ಮೇಡಂ!"

ನಗುಮುಖ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಬೀಗ ತಿರುಗಿದ ಸದ್ದು ಆಗಷ್ಟೇ ಕೇಳಿತ್ತು. ಕೀಲಿಕೈ ಅವನ ಜೇಬಿನಲ್ಲಿ.

"ಕೊಡಲ್ಲ."

"ಸೈನ್ ಮಾಡಿದ್ದೀರಲ್ಲ! ಅದೀಗ ಕಂಪನಿ ಆಸ್ತಿ."

"ಹಾಗಾದ್ರೆ ಬಂದು ಕಿತ್ಕೊಳ್ಳಿ ನೋಡೋಣ!"

ಅವನು ಒಂದು ಹೆಜ್ಜೆ ಮುಂದಿಟ್ಟ... ನಾನು ಮೇಜಿನ ಆಚೆ ಬದಿಗೆ ಸರಿದೆ. ನಲವತ್ತೇಳನೆಯ ವಯಸ್ಸಿನಲ್ಲಿ ಮೇಜಿನ ಸುತ್ತ ಮುಟ್ಟಾಟ!

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನೀವು ನನ್ನನ್ನೇ ಕಳ್ಳಿ ಅಂದುಕೊಳ್ಳುತ್ತೀರಿ.

ನೆಲಕಚ್ಚಿದ ಫ್ಯಾಕ್ಟರಿಗಳನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೇನೆ. ಕೊನೆಯದು ನಾನು ಎಬ್ಬಿಸುವ ಮೊದಲೇ ಕಣ್ಣು ಮುಚ್ಚಿತು. ಆಮೇಲೆ ಏಳು ತಿಂಗಳು ಮನೆಯಲ್ಲಿದ್ದೆ. ಹದಿನಾಲ್ಕು ಇಂಟರ್‌ವ್ಯೂ. "ನಿಮ್ಮ ಅನುಭವ ನಮಗೆ ಜಾಸ್ತಿಯಾಯ್ತು" ಅಂದವರು ಒಂಬತ್ತು ಜನ. ಉಳಿದವರು ಅಷ್ಟೂ ಹೇಳಲಿಲ್ಲ. ಗಂಡ, ಮಗಳು ಇಬ್ಬರೂ ಪಿಸುಮಾತಿಗೆ ಇಳಿದಿದ್ದರು. ಕಾಯಿಲೆಯವರಿರುವ ಮನೆಯ ಹಾಗೆ.

ಇದು ಹದಿನೈದನೆಯದು. ತಗಡು ಒತ್ತಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿ. ಹುದ್ದೆ, ಫ್ಯಾಕ್ಟರಿ ಮ್ಯಾನೇಜರ್. ಧಣಿ ಮೂರು ಪ್ರಶ್ನೆ ಕೇಳಿದ. ಆರೇ ನಿಮಿಷ!

"ವೆಲ್‌ಕಮ್ ಮೇಡಂ" ಅಂದು ಎದ್ದುಹೋದ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಮಗಳಿಗೆ ಹೇಳಿಕೊಟ್ಟವಳೇ ನಾನು. ಆದರೂ ಗಟಗಟ ಕುಡಿದೆ.

ಎಚ್.ಆರ್. ಮನುಷ್ಯ ನೇಮಕದ ಆರ್ಡರ್ ಮುಂದಿಟ್ಟ. ನಗುಮುಖ ಅಂತ ಅವನಿಗೆ ಹೆಸರಿಟ್ಟದ್ದು ನಾನೇ. ಬಂದಾಗಿನಿಂದ ಅವನ ಹಲ್ಲು ಒಳಗೆ ಹೋಗಿರಲಿಲ್ಲ. ಸೈನ್ ಹಾಕಿದೆ. ಸೈನ್ ಹಾಕುವವರು ಕೊನೆಯ ಸಾಲು ನೋಡುತ್ತಾರೆ, ಮೊದಲ ಸಾಲನ್ನಲ್ಲ. ಪೆನ್ನಿನ ಮುಚ್ಚಳ ಹಾಕುವಾಗ ಮೇಲಿನ ತಾರೀಖು ಕಂಡಿತು.

ಮೂರು.

ಅವತ್ತು ಇಪ್ಪತ್ತೆಂಟು!

"ಬರೀ ಫಾರ್ಮ್ಯಾಲಿಟಿ ಮೇಡಂ" ಅಂದ ನಗುಮುಖ.

ಗಾಜಿನ ಗೋಡೆಯಾಚೆ, ಕೆಳಗೆ, ತಗಡು ಒತ್ತುವ ಪ್ರೆಸ್ಸುಗಳ ಸಾಲು. ಅದರ ನೆತ್ತಿಯ ಮೇಲೆ ಒಂದು ಹಲಗೆ. ಇಂಥದ್ದು ಎಲ್ಲ ಫ್ಯಾಕ್ಟರಿಗಳಲ್ಲೂ ಇರುತ್ತದೆ. 'ಅಪಘಾತವಿಲ್ಲದೆ ಕಳೆದ ದಿನಗಳು: 11.' ಯಾರೋ ಪುಣ್ಯಾತ್ಮ ದಿನಾ ಬೆಳಗ್ಗೆ ಚಾಕ್‌ಪೀಸು ಹಿಡಿದು ನಿಷ್ಠೆಯಿಂದ ಅಂಕಿ ಬದಲಿಸುತ್ತಿದ್ದ. ಕಾಗದಪತ್ರಗಳನ್ನೆಲ್ಲ ತಿದ್ದಿದ ಬುದ್ಧಿವಂತರು ಅವನಿಗೊಂದು ಮಾತು ಹೇಳಲು ಮರೆತಿದ್ದರು!

"ಹನ್ನೊಂದು ದಿನದ ಹಿಂದೆ ಏನಾಯ್ತು?"

ನಗು ಮೊದಲ ಸಲ ಜಾರಿತು.

"ಒಬ್ಬಳು ಆಪರೇಟರ್... ನಾಲ್ಕು ಬೆರಳು ಹೋಯ್ತು. ಅವಳದ್ದೇ ತಪ್ಪು ಬಿಡಿ."

"ಆಗ ಮ್ಯಾನೇಜರ್ ಯಾರು?"

"ನಾಲ್ಕು ತಿಂಗಳಿಂದ ಯಾರೂ ಇಲ್ಲ. ನಾಳೆ ಸರ್ಕಾರಿ ಇನ್‌ಸ್ಪೆಕ್ಟರ್ ಬೇರೆ ಬರ್ತಾರೆ, ಅದಕ್ಕೇ..."

ಅಷ್ಟು ಸಾಕಾಯಿತು. ಮ್ಯಾನೇಜರ್ ಇಲ್ಲದಿದ್ದರೆ ಜೈಲು ಧಣಿಗೆ. ಇದ್ದರೆ ಮ್ಯಾನೇಜರ್‌ಗೆ. ಅವರಿಗೆ ನನ್ನ ಅನುಭವ ಬೇಕಿರಲಿಲ್ಲ. ಒಂದು ಕುತ್ತಿಗೆ ಬೇಕಿತ್ತು!

ಕಾಗದ ಬಾಚಿಕೊಂಡೆ. ಅವನು ಬಾಗಿಲಿಗೆ ಬೀಗ ಹಾಕಿದ.

ಹೂಂ... ಮುಟ್ಟಾಟದ ವಿಷಯಕ್ಕೆ ಬರೋಣ.

ಆ ಮೇಜಿಗೆ ಗಾಲಿಗಳಿದ್ದವು. ಅದು ಅವನ ಗಮನಕ್ಕೆ ಬಂದಿರಲಿಲ್ಲ. ಮೈಭಾರ ಹಾಕಿ ದೂಡಿದೆ. ಮೇಜು ಹೋಗಿ ಅವನನ್ನು ಬಾಗಿಲಿಗೆ ಅಂಟಿಸಿತು!

"ಅಯ್ಯೋ! ಸೊಂಟ... ಸೊಂಟ!"

ಗಾಜಿನ ಗೋಡೆಯ ಪಕ್ಕ ಇನ್ನೊಂದು ಬಾಗಿಲು. ಆಚೆ ಕಬ್ಬಿಣದ ಮೆಟ್ಟಿಲು. ಇಂಟರ್‌ವ್ಯೂಗೂ ಸೇಫ್ಟಿ ಶೂ ಹಾಕಿಕೊಂಡು ಹೋಗುವ ಹುಚ್ಚಿ ನಾನು. ಆ ಹುಚ್ಚೇ ಕಾಪಾಡಿತು. ಎರಡೆರಡು ಮೆಟ್ಟಿಲು ಹಾರಿದೆ.

"ಹಿಡೀರೋ ಅವಳನ್ನ!"

'ಮೇಡಂ' ಹೋಗಿ 'ಅವಳು' ಆಗಿದ್ದೆ. ಕೆಲಸ ಸಿಕ್ಕಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ!

ಪ್ರೆಸ್ಸುಗಳ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳಿಸಲಿಲ್ಲ. ಎಣ್ಣೆ ಜಿಡ್ಡಿನ ನೆಲ. ಎರಡೂ ಬದಿಗೆ ಯಂತ್ರಗಳು. ಹಿಂದೆ ತಿರುಗಿ ನೋಡಿದರೆ, ಮೇಜು ಸರಿಸಿ ಅವನೂ ಮೆಟ್ಟಿಲಿಳಿಯುತ್ತಿದ್ದ. ಎದುರಿಗೆ ಗೇಟು. ತೆರೆದ ಗೇಟು! ವಾಚ್‌ಮನ್ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದ.

ಇಪ್ಪತ್ತು ಹೆಜ್ಜೆ... ಅಷ್ಟೇ.

ಆಗ ಕಂಡಳು ಆ ಹುಡುಗಿ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ. ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಎರಡೂ ಕೈ ಹೊರಗಿರಲಿ ಅಂತ. ಅವಳ ಎಡಗಡೆಯ ಗುಂಡಿಗೆ ಯಾರೋ ಒಂದು ಮರದ ಚೂರು ಸಿಕ್ಕಿಸಿದ್ದರು. ಗುಂಡಿ ಸದಾ ಒತ್ತಿಕೊಂಡೇ ಇತ್ತು. ಕೆಲಸ ಬೇಗ ಸಾಗುತ್ತದಲ್ಲ! ಬಲಗೈ ಗುಂಡಿಯ ಮೇಲೆ. ಎಡಗೈ ಯಂತ್ರದ ಬಾಯೊಳಗೆ.

ದಢ್! ಕೂದಲೆಳೆಯಲ್ಲಿ ಕೈ ಹೊರಗೆ ಬಂದಿತ್ತು. ಮತ್ತೆ ಒಳಗೆ.

ದಢ್!

ಗೇಟು ಇಪ್ಪತ್ತು ಹೆಜ್ಜೆ. ಸಾಲು ನಿಲ್ಲಿಸುವ ಕೆಂಪು ಗುಂಡಿ ಮೂರು ಹೆಜ್ಜೆ.

ನನ್ನನ್ನು ನಾನೇ ಬೈದುಕೊಂಡೆ. ಆ ಬೈಗುಳ ಇಲ್ಲಿ ಬೇಡ. ಕೆಂಪು ಗುಂಡಿಗೆ ಮುಷ್ಟಿಯಿಂದ ಗುದ್ದಿದೆ.

ಇಡೀ ಸಾಲು ಸತ್ತಿತು.

"ಯಾರ್ರೀ ಅದು ಲೈನ್ ನಿಲ್ಸಿದ್ದು? ತಲೆಗಿಲೆ ಕೆಟ್ಟಿದ್ಯಾ?" ಸೂಪರ್‌ವೈಸರ್ ಓಡಿಬಂದ.

"ಆ ಮರದ ಚೂರು ತೆಗೆಸಿ."

"ತೆಗೆದ್ರೆ ಟಾರ್ಗೆಟ್ ನಿಮ್ಮಪ್ಪ ಮುಗಿಸ್ತಾನಾ? ಹೇಳಕ್ಕೆ ನೀವ್ಯಾರು?"

ಅವನ ಕೈ ಆಗಲೇ ಸಾಲು ಮತ್ತೆ ಶುರುಮಾಡುವ ಸ್ವಿಚ್ಚಿನ ಮೇಲಿತ್ತು. ಹೊರಗಿನವಳ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಒಬ್ಬರ ಮಾತಿಗೆ ಮಾತ್ರ ಇದೆ.

"ಫ್ಯಾಕ್ಟರಿ ಮ್ಯಾನೇಜರ್!"

ಮಾತು ಬಾಯಿಂದ ಜಾರಿಬಿಟ್ಟಿತ್ತು...

ನಗುಮುಖ ಸೊಂಟ ಹಿಡಿದುಕೊಂಡು ಕುಂಟುತ್ತ ಬಂದ. ನಗು ವಾಪಸ್ ಬಂದಿತ್ತು. ಈ ಸಲ ಕಿವಿಯಿಂದ ಕಿವಿಯವರೆಗೆ.

"ಕೇಳಿಸ್ಕೊಂಡ್ರಲ್ಲ ಎಲ್ರೂ? ಮೇಡಮ್ಮೇ ಬಾಯಿಬಿಟ್ಟು ಒಪ್ಕೊಂಡ್ರು!"

ನಾನೇ ತೋಡಿದ ಹಳ್ಳ. ನಾನೇ ಬಿದ್ದಿದ್ದೆ. ಅರವತ್ತು ಸಾಕ್ಷಿಗಳ ಮುಂದೆ.

ಪಕ್ಕದ ಪ್ರೆಸ್ಸಿನ ಮುದುಕ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಯಾವತ್ತು ಸೇರಿದ್ರಮ್ಮ? ನಿಮ್ಮನ್ನ ಇವತ್ತೇ ನೋಡ್ತಿರೋದು..."

ಯಜಮಾನ, ನಿನ್ನ ಬಾಯಿಗೆ ಸಕ್ಕರೆ ಹಾಕಾ!

"ಇವತ್ತೇ! ಈಗಲೇ! ಗಡಿಯಾರ ನೋಡಿ ಎಲ್ರೂ. ಟೈಮೆಷ್ಟು?"

"ಹನ್ನೊಂದೂ ಇಪ್ಪತ್ತು!" ಅರವತ್ತು ಗಂಟಲು.

ಸಾಲು ನಿಂತರೆ ಶಿಫ್ಟಿನ ಪುಸ್ತಕದಲ್ಲಿ ಬರೆಯಲೇಬೇಕು. ಯಾರು ನಿಲ್ಲಿಸಿದರು, ಯಾವಾಗ, ಯಾಕೆ.

"ಬರ್ಕೊಳ್ಳಿ" ಅಂದೆ ಸೂಪರ್‌ವೈಸರ್‌ಗೆ. "ಕೆಲಸಕ್ಕೆ ಸೇರಿದ ಮೊದಲ ದಿನ, ಹನ್ನೊಂದೂ ಇಪ್ಪತ್ತಕ್ಕೆ, ಹೊಸ ಮ್ಯಾನೇಜರ್ ನಿಲ್ಲಿಸಿದರು. ಕಾರಣ, ಗುಂಡಿಯಲ್ಲಿ ಮರದ ಚೂರು. ಕೆಳಗೆ ಎಲ್ಲರ ಸೈನ್ ಹಾಕ್ಸಿ."

ಮುದುಕನೇ ಮೊದಲು ಹಾಕಿದ. ನಗುಮುಖ ಈಗ ಬರೀ ಮುಖವಾಗಿದ್ದ.

ಮೆಟ್ಟಿಲಿಳಿದು ಧಣಿ ಬಂದ. ಪುಸ್ತಕ ನೋಡಿದ. ನನ್ನನ್ನು ನೋಡಿದ.

"ಗೇಟು ತೆರೆದಿದೆ. ಹೋಗಿ. ಯಾರೂ ತಡೆಯಲ್ಲ."

"ಹೋದ್ರೆ ಆ ಮರದ ಚೂರು?"

"ಮಧ್ಯಾಹ್ನದ ಶಿಫ್ಟಿಗೆ ವಾಪಸ್."

"ನಾನು ಇಲ್ಲೇ ಇದ್ರೆ?"

"ಇವತ್ತಿಂದ ಇಲ್ಲಿ ಯಾರ ಉಗುರು ಕಿತ್ತುಬಂದ್ರೂ ಜೈಲಿಗೆ ಹೋಗೋರು ನೀವು! ಈಗಲೇ ನಿಮ್ಮನ್ನ ಕಿತ್ತು ಹಾಕ್ಬೋದು, ಗೊತ್ತಾ?"

"ಹಾಕಿ. ನಾಳೆ ಇನ್‌ಸ್ಪೆಕ್ಟರ್ ಬಂದಾಗ ಮತ್ತೆ ಮ್ಯಾನೇಜರ್ ಇಲ್ಲ ಅಂತೀರಾ?"

ಅವನು ತುಟಿ ಕಚ್ಚಿದ. ಅವನೂ ಸಿಕ್ಕಿಬಿದ್ದಿದ್ದ. ನಾನೂ. ಒಂದೇ ಬೋನು!

ಆ ಹುಡುಗಿ ಎರಡೂ ಕೈ ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹತ್ತು ಬೆರಳು. ಎಣಿಸಿದೆ.

"ಹೊಸ ಆರ್ಡರ್ ಟೈಪ್ ಮಾಡ್ಸಿ" ಅಂದೆ. "ಇವತ್ತಿನ ತಾರೀಖು. ಹಳೇದು ನನ್ನ ಹತ್ರ ಇರುತ್ತೆ."

ಫೋನ್ ಬಡಿದುಕೊಂಡಿತು. ಕಾಲೇಜಿನಿಂದ ಮಗಳು.

"ಅಮ್ಮಾ... ಏನಾಯ್ತು?"

"ಸಿಕ್ತು ಪುಟ್ಟಿ."

"ನಿಜವಾಗ್ಲೂ?! ಯಾವತ್ತಿಂದ ಹೋಗ್ಬೇಕು?"

"ಹೋಗೋದೇನು ಬಂತು? ಒಳಗೇ ಇದ್ದೀನಿ."

"ಹಾಗಾದ್ರೆ ಮನೆಗೆ ಯಾವಾಗ ಬರ್ತೀಯಾ?"

"ಅದೊಂದಕ್ಕೆ ಮಾತ್ರ ಆರ್ಡರ್‌ನಲ್ಲಿ ತಾರೀಖು ಹಾಕಿಲ್ಲ ಕಣೇ!"