ವಿಳಾಸದ ಮೇಲಿನ ಚೀಟಿ

"ನಿನ್ನ ನಾಲಿಗೆ ಕೀಳ್ತೀನಿ ಕಣೇ!"

ಕಟಕಟೆಯಿಂದ ಹಾರಿದ ರೌಡಿ ‘ಕತ್ತರಿ’, ಕೋರ್ಟ್ ಗುಮಾಸ್ತೆಯ ಮೇಜಿನ ಮೇಲಿದ್ದ ಪೇಪರ್‌ವೇಟ್ ಬಾಚಿ, ಸಾಕ್ಷಿ ಹೇಳುತ್ತಿದ್ದ ಟೈಲರಮ್ಮನ ಕಡೆ ಬೀಸಿದ. ಹಾಡಹಗಲೇ ಒಬ್ಬನನ್ನು ಇರಿದು ಕೊಂದ ಆರೋಪ ಅವನ ಮೇಲೆ. ಕಣ್ಣಾರೆ ಕಂಡವಳು ಆ ಟೈಲರಮ್ಮ ಒಬ್ಬಳೇ.

ಏಟು ಅವಳಿಗೆ ತಾಗಲಿಲ್ಲ. ನಡುವೆ ನುಗ್ಗಿದ ಅಪರಿಚಿತನೊಬ್ಬನ ಹಣೆ ಒಡೆಯಿತು!

ಪೊಲೀಸರು ಕತ್ತರಿಯನ್ನು ನೆಲಕ್ಕೆ ಕೆಡವಿ ಎಳೆದೊಯ್ದರು. ಗುಮಾಸ್ತೆ ಓಡಿಬಂದು ತನ್ನ ದುಪಟ್ಟಾವನ್ನೇ ಅಪರಿಚಿತನ ಹಣೆಗೆ ಒತ್ತಿದಳು.

"ಯಾರ್ರೀ ನೀವು?"

"ಕೋರ್ಟಿಗೆ ಹೊಸ ಸಾಫ್ಟ್‌ವೇರ್ ಮಾಡ್ತಿದೀವಲ್ಲ... ಅದರಲ್ಲಿ ಏನೇನಿರ್ಬೇಕು ಅಂತ ನಿಮ್ಮನ್ನ ಕೇಳಿ ಬರ್ಕೊಳ್ಳೋಕೆ ಬಂದೆ."

"ಮೊದಲು ಹೊಲಿಗೆ ಹಾಕಿಸ್ಬೇಕು ಅಂತ ಬರ್ಕೊಳ್ಳಿ!"

ಅವನು ನಕ್ಕ. ರಕ್ತ ಸೋರುವಾಗಲೂ ನಗುವವನನ್ನು ಕಂಡರೆ ಯಾರ ಮನಸ್ಸು ತಾನೇ ನೆಟ್ಟಗಿರುತ್ತದೆ ಹೇಳಿ! ಇವಳದ್ದಂತೂ ಅಂದೇ ಜಾರಿತು.

ಮೂರು ವಾರ ಅವನು ಅವಳ ಮೇಜಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತ. ಕೇಸು ದಾಖಲಿಸುವುದು ಹೇಗೆ, ಸಮನ್ಸ್ ಹೋಗುವುದು ಹೇಗೆ, ಯಾವ ಪ್ರತಿ ಯಾರಿಗೆ... ಕೇಳಿದ್ದೇ ಕೇಳಿದ್ದು, ಬರೆದದ್ದೇ ಬರೆದದ್ದು.

"ಸಾಫ್ಟ್‌ವೇರ್‌ಗಿಂತ ಮೊದಲು ಇವರ ಮದುವೆ ಕಾಗದ ಬರುತ್ತೆ ಬಿಡಿ," ಎಂದು ಮುದಿ ಜವಾನ ಎಲ್ಲರೆದುರೇ ಛೇಡಿಸಿದ.

"ಏನಾದ್ರೂ ಹೇಳೋದು ಬಿಟ್ಟಿದೀರಾ?" ಕೊನೆಯ ದಿನ ಅವನು ಕೇಳಿದ.

‘ಬಿಟ್ಟಿದೀನಿ... ನಿಮ್ಮನ್ನ ಕಂಡ್ರೆ ಪ್ರಾಣ ಅನ್ನೋದನ್ನ!’ ಮನಸ್ಸು ಕೂಗಿತು. ಬಾಯಿ ಮಾತ್ರ, "ಏನೂ ಇಲ್ಲ," ಎಂದಿತು.

ಹೊಸ ವ್ಯವಸ್ಥೆ ಶುರುವಾದ ಮೊದಲ ದಿನವೇ ಕತ್ತರಿಯ ವಕೀಲರಿಗೆ ಕೊಡುವ ಸಾಕ್ಷಿಗಳ ಪಟ್ಟಿ ಕಂಪ್ಯೂಟರಿನಿಂದ ಅಚ್ಚಾಗಿ ಹೋಯಿತು. ಅಂದು ಸಂಜೆ ಕತ್ತರಿಯ ಕಡೆಯ ಮೂವರು, ಟೈಲರಮ್ಮ ಜೀವಭಯದಿಂದ ಅಡಗಿದ್ದ ಗುಟ್ಟಿನ ಮನೆಗೆ ನುಗ್ಗಿದರು. ಕಬ್ಬಿಣದ ಸರಳಿನಿಂದ ಅವಳ ಬಲಗೈ ಮುರಿದರು. ಹೊಲಿಗೆ ಮಷಿನ್ ನುಚ್ಚುನೂರು ಮಾಡಿದರು.

ಬೆಳಗ್ಗೆ ಜವಾನ ಪಿಸುಗುಟ್ಟಿದ: "ನಿಮ್ಮ ಸಾಫ್ಟ್‌ವೇರ್ ಸಾಹೇಬ್ರು ನಿನ್ನೆ ಸಂಜೆ ಕತ್ತರಿ ವಕೀಲರ ಆಫೀಸಿಂದ ಓಡಿ ಬರ್ತಿದ್ರು ಕಣಮ್ಮ. ನಾನೇ ಕಂಡೆ."

ಅಷ್ಟು ಸಾಕಾಯಿತು. ವಿಳಾಸ ಕೊಟ್ಟವನು ಅವನೇ ಎಂದು ಪೊಲೀಸರಿಗೆ ದೂರು ಬರೆದುಕೊಟ್ಟು, ಗುಮಾಸ್ತೆ ಟೈಲರಮ್ಮನಿದ್ದ ಆಸ್ಪತ್ರೆಗೆ ಓಡಿದಳು. ವಾರ್ಡಿನ ಬಾಗಿಲಲ್ಲೇ, ತಲೆಗೆ ಹೊಸದಾಗಿ ಬಟ್ಟೆ ಸುತ್ತಿಕೊಂಡು ಕೂತಿದ್ದ ಅವನು!

ಛಟೀರ್! ಅವನ ಕೆನ್ನೆಗೆ ಬಾರಿಸಿದಳು.

"ಒಂದು ಜೀವ ಮಾರ್ಕೊಂಡ್ರಲ್ಲಾ! ತಲೆಗೆ ಬಟ್ಟೆ ಸುತ್ಕೊಂಡು ನಾಟಕ ಬೇರೆ!"

ಅವನ ತುಟಿ ಒಡೆದು ರಕ್ತ ಬಂತು. ಪೊಲೀಸರು ಬಂದು ಕರೆದಾಗ ಸುಮ್ಮನೆ ಎದ್ದು ಹೋದ.

"ಯಾರನ್ನ ಹೊಡೆದೆ ತಾಯಿ?" ಒಳಗಿನಿಂದ ಟೈಲರಮ್ಮ ನರಳಿದಳು. "ನಿನ್ನೆ ಆ ಹುಡುಗ ನನ್ನ ಮೇಲೆ ಬಿದ್ದು ಏಟು ತಿನ್ನದಿದ್ರೆ ನನ್ನ ಹೆಣ ನೋಡ್ತಿದ್ದೆ ನೀನು. ಹಳೇ ಪ್ರತೀಲಿ ವಿಳಾಸದ ಜಾಗ ಖಾಲಿ ಇತ್ತಂತೆ, ಹೊಸದ್ರಲ್ಲಿ ಅಚ್ಚಾಗಿತ್ತಂತೆ. ಕಾಗದ ವಾಪಸ್ ಕೇಳೋಕೆ ವಕೀಲರ ಹತ್ರ ಓಡಿದ್ನಂತೆ. ಅಷ್ಟರಲ್ಲಿ ಕೈ ದಾಟಿತ್ತು. ಆಮೇಲೆ ನನ್ನ ಬಾಗಿಲಿಗೆ ಬಂದ..."

ಗುಮಾಸ್ತೆಗೆ ತನ್ನ ತಪ್ಪು ಆಗ ಹೊಳೆಯಿತು.

ಜೀವಭಯವಿದ್ದ ಸಾಕ್ಷಿಯ ವಿಳಾಸದ ಮೇಲೆ ಖಾಲಿ ಚೀಟಿ ಇಟ್ಟು ಜೆರಾಕ್ಸ್ ಮಾಡುವುದು ಅವಳ ಕೈರೂಢಿ. ಯಾವ ನಿಯಮದಲ್ಲೂ ಅದು ಇರಲಿಲ್ಲ, ಹಿಂದಿನ ಗುಮಾಸ್ತೆ ಕಲಿಸಿದ್ದು. ಉಸಿರಾಡುತ್ತೇನೆ ಎಂದು ಯಾರಾದರೂ ಬರೆಸುತ್ತಾರಾ? ಇವಳೂ ಬರೆಸಿರಲಿಲ್ಲ. ಅದು ಗೊತ್ತಿದ್ದೂ ಅವನು ಬಾಯಿ ಬಿಟ್ಟಿರಲಿಲ್ಲ! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಹನ್ನೊಂದು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದ್ದರು. ಅವಳು ಏದುಸಿರು ಬಿಡುತ್ತಾ ಒಳಗೆ ನುಗ್ಗಿದಳು.

"ಮೇಡಂ, ನನ್ನ ದೂರು ಸುಳ್ಳು! ಚೀಟಿ ಇಡೋದು ನನ್ನ ಕೆಲಸ. ನಾನು ಅವರಿಗೆ ಹೇಳಲೇ ಇಲ್ಲ. ತಪ್ಪು ನಂದು. ನನ್ನನ್ನ ಹಿಡ್ಕೊಳ್ಳಿ, ಅವರನ್ನ ಬಿಡಿ!"

ಎಲ್ಲವನ್ನೂ ಕೇಳಿ, ಟೈಲರಮ್ಮನ ಹೇಳಿಕೆ ತರಿಸಿಕೊಂಡ ನ್ಯಾಯಾಧೀಶೆ ಅವನನ್ನು ಬಿಟ್ಟರು. ಟೈಲರಮ್ಮನಿಗೆ ಕಾವಲು ಹಾಕಿಸಿದರು. ಗುಮಾಸ್ತೆಯನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಟ್ಟರು.

ಹೊರಗಿನ ಮೆಟ್ಟಿಲ ಮೇಲೆ ಅವನು ಪಕ್ಕೆ ಹಿಡಿದುಕೊಂಡು ಕೂತಿದ್ದ.

"ಯಾಕ್ರೀ ಸುಮ್ನಿದ್ರಿ?" ಅವಳು ಬಿಕ್ಕಿದಳು.

"ಬಾಯಿಬಿಟ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಅದಕ್ಕೆ ಜೈಲಿಗೆ ಹೋಗ್ತಿದ್ರಾ? ಹುಚ್ಚಾ ನಿಮಗೆ?"

"ನಿಮ್ಮನ್ನ ಕಂಡಾಗಿಂದ... ಸ್ವಲ್ಪ."

ಅವಳು ಅಳುತ್ತಲೇ ಅವನ ಒಡೆದ ತುಟಿಯನ್ನು ಬೆರಳಿನಿಂದ ಮುಟ್ಟಿದಳು.

"ಅಯ್ಯೋ ಮೆಲ್ಲಗೆ! ಇನ್ಮೇಲೆ ಮೊದಲು ಕೇಳಿ, ಆಮೇಲೆ ಹೊಡೀರಿ."

"ಕೇಳ್ತೀನಿ," ಎಂದಳು. "ನನ್ನ ಮದುವೆ ಆಗ್ತೀರಾ?"

"ಹೂಂ..."

"ಹೂಂ ಅಂದ್ರೆ?"

"ಆಗ್ತೀನಿ ಕಣೇ!"