ಶಬ್ದವಿಲ್ಲದ ಕೆಮ್ಮು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಇದು ೨೦೧೨ರಲ್ಲಿ ಮುಂಬೈ ಪಕ್ಕದ ಠಾಣೆ ಊರಿನ ನಮ್ಮ ಆಸ್ಪತ್ರೆಯಲ್ಲಿ ನಡೆದದ್ದು. ಹೃದಯದ ಆಪರೇಷನ್ನಿಗೆ ಹಿಂದಿನ ದಿನ ರೋಗಿಗಳಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಆಪರೇಷನ್ ಆದ ಮೇಲೆ ಕಫ ಹೊರಹಾಕುವಾಗ ಹೊಲಿಗೆ ನೋಯದಂತೆ, ದಿಂಬನ್ನು ಎದೆಗವಚಿಕೊಂಡು ಕೆಮ್ಮುವುದನ್ನು ಕಲಿಸುತ್ತೇನೆ. ಆಗೆಲ್ಲ ಕೊನೆಗೆ ಕೈಮೇಲೆ ಕೈಯಿಡಿಸಿ ಒಂದು ಮಾತು ತೆಗೆದುಕೊಳ್ಳುತ್ತಿದ್ದೆ: "ಗುಣವಾದ ಮೇಲೆ ನೀವೇ ಬಂದು ಮುಂದಿನವರಿಗೆ ಕಲಿಸಬೇಕು." ಅದರಿಂದ ಬದುಕುವ ಆಸೆ ಗಟ್ಟಿಯಾಗುತ್ತದೆ ಎಂದುಕೊಂಡಿದ್ದೆ.

ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ಕುಶಲಣ್ಣ, "ಖಂಡಿತ ಬರ್ತೇನೆ ಸಿಸ್ಟರ್" ಎಂದಿದ್ದರು. ಮರುದಿನ ಆಪರೇಷನ್ ಟೇಬಲ್ಲಿನ ಮೇಲೆಯೇ ತೀರಿಕೊಂಡರು.

ಎರಡು ದಿನ ಬಿಟ್ಟು, ಬೆಳಿಗ್ಗೆ ಹತ್ತಕ್ಕೆ, ಕೋಪರಿಯಿಂದ ಬಂದಿದ್ದ ಜಯಲತಕ್ಕನಿಗೆ ಕಲಿಸಲು ಹೋದೆ. ಅವರು ನಕ್ಕರು.

"ಆಗ್ಲೇ ಕಲ್ತಾಯ್ತು ಸಿಸ್ಟರ್. ಎಂಐಡಿಸಿಯಲ್ಲಿ ಕ್ಯಾಂಟೀನ್ ಇದ್ದವರಂತೆ, ಒಬ್ರು ಬಂದು ತೋರಿಸಿ ಹೋದ್ರು. ಪಾಪ, ಕೈ ಐಸಿನ ಹಾಗೆ ಇತ್ತು. ಎಷ್ಟು ಕೆಮ್ಮಿದ್ರೂ ಅವರಿಗೆ ಶಬ್ದವೇ ಬರ್ಲಿಲ್ಲ."

ಹಾಸಿಗೆಯ ಮೇಲಿದ್ದ ದಿಂಬನ್ನು ಮುಟ್ಟಿದೆ. ನಡುಭಾಗ ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಜಯಲತಕ್ಕ ಗುಣವಾಗಿ ಮನೆಗೆ ಹೋದರು. ಆಮೇಲೆ ನಾನು ಯಾರಿಂದಲೂ ಆ ಮಾತು ತೆಗೆದುಕೊಂಡಿಲ್ಲ. ಆದರೂ ಈಗಲೂ ಕೆಲವು ದಿನ ಬೆಳಿಗ್ಗೆ, ನಾನು ಒಳಗೆ ಕಾಲಿಡುವ ಮೊದಲೇ, ರೋಗಿಗಳು ದಿಂಬು ಅವಚಿಕೊಂಡು ಕೂತಿರುತ್ತಾರೆ.